ಆಪರೇಷನ್ ಸಕ್ಸಸ್ ಅಂದರು, ಆದರೆ ಮೇಷ್ಟ್ರು ಬಾತ್‌ರೂಮ್ ಬಿಟ್ಟು ಹೊರಗೆ ಬರುತ್ತಿಲ್ಲ

ಪ್ರಶ್ನೆ: "ಡಾಕ್ಟ್ರೇ, ನಾವು ಹಾಸನ ಜಿಲ್ಲೆಯವರು. ನಮ್ಮ ಯಜಮಾನರಿಗೆ 52 ವರ್ಷ, ಹೈಸ್ಕೂಲ್ ಮೇಷ್ಟ್ರು. ಹೋದ ವರ್ಷ ಗುದನಾಳದ ಕ್ಯಾನ್ಸರ್ ಅಂತ ಗೊತ್ತಾಯಿತು. ಮೊದಲು ಐದು ವಾರ ಕರೆಂಟ್ (ರೇಡಿಯೇಷನ್) ಕೊಟ್ಟರು, ಜೊತೆಗೆ ಮಾತ್ರೆ. ಜುಲೈಯಲ್ಲಿ ಆಪರೇಷನ್ ಆಯಿತು. ಹೊಟ್ಟೆಯ ಬಲಗಡೆ ಮೋಷನ್ ಹೋಗೋಕೆ ಬ್ಯಾಗ್ ಹಾಕಿದ್ದರು, ಆರು ತಿಂಗಳು ಅದರಲ್ಲೇ ಕಳೆದರು. ಜನವರಿಯಲ್ಲಿ ಬ್ಯಾಗ್ ತೆಗೆದು ಕರುಳು ಒಳಗೆ ಹಾಕಿದರು. ರಿಪೋರ್ಟ್ ಚೆನ್ನಾಗಿದೆ, ಕ್ಯಾನ್ಸರ್ ಇಲ್ಲ ಅಂದರು. ಗೆದ್ದೆವು ಅಂದುಕೊಂಡೆವು. ಆದರೆ ಈಗ ದಿನಕ್ಕೆ 10ರಿಂದ 14 ಸಲ ಮೋಷನ್. ಒಂದು ಸಲ ಹೋಗಿ ಬಂದು ಪಂಚೆ ಸರಿ ಮಾಡಿಕೊಳ್ಳುವಷ್ಟರಲ್ಲಿ ಮತ್ತೆ. ಬಂತು ಅಂದರೆ ಒಂದು ನಿಮಿಷ ತಡೆಯೋಕೆ ಆಗಲ್ಲ. ಗ್ಯಾಸ್ ಯಾವುದು, ಮೋಷನ್ ಯಾವುದು ಅಂತ ಅವರಿಗೇ ಗೊತ್ತಾಗಲ್ಲ. ರಾತ್ರಿ ಬಟ್ಟೆಯಲ್ಲಿ ಆಗಿಬಿಡುತ್ತೆ ಅಂತ ಹಾಲ್‌ನಲ್ಲಿ ಒಬ್ಬರೇ ಮಲಗುತ್ತಾರೆ. ಬೆಳಗ್ಗೆಯಿಂದ ಏನೂ ತಿನ್ನಲ್ಲ, ಸಂಜೆ ನಾಲ್ಕರ ಮೇಲೆ ಒಂದೇ ಹೊತ್ತು ಊಟ. 11 ಕೆ.ಜಿ. ಇಳಿದಿದ್ದಾರೆ. ಅಣ್ಣನ ಮಗಳ ಮದುವೆಗೂ ಬರಲಿಲ್ಲ. ನಮ್ಮತ್ತೆ 'ನಂಜಿನ ಪದಾರ್ಥ ತಿಂದು ಹೀಗಾಗಿದೆ' ಅಂತಾರೆ. ಮೈದುನ 'ಒಳಗೆ ಹೊಲಿಗೆ ಸರಿಯಾಗಿಲ್ಲ' ಅಂತಾನೆ. ಅಕ್ಕಪಕ್ಕದವರು 'ವಾಪಸ್ ಬಂದಿರಬೇಕು' ಅಂತಾರೆ. ಚೆಕಪ್‌ಗೆ ಹೋದಾಗ ಡಾಕ್ಟ್ರು 'ಸರಿ ಹೋಗುತ್ತೆ' ಅಂದು ಕಳಿಸಿದರು. ಜೂನ್‌ನಲ್ಲಿ ಸ್ಕೂಲಿಗೆ ಹೋಗಬೇಕು. 40 ನಿಮಿಷದ ಪೀರಿಯಡ್ ನಿಂತು ಪಾಠ ಮಾಡೋಕೆ ಆಗುತ್ತಾ? ಬ್ಯಾಗೇ ವಾಸಿ ಇತ್ತು, ಅದನ್ನೇ ಮತ್ತೆ ಹಾಕಿಸಿಕೊಂಡುಬಿಡ್ತೀನಿ ಅಂತಿದ್ದಾರೆ. ನಾನು ಬರೆಯುತ್ತಿರೋದು ಅವರಿಗೆ ಗೊತ್ತಿಲ್ಲ."

ಉತ್ತರ:

ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕರುಳಿನ ಆಪರೇಷನ್ ಮಾಡುವವನು ನಾನು. ಇಂಥ ಮಾತು ನನಗೆ ಹೊಸದಲ್ಲ, ಆದರೆ ಸಾಮಾನ್ಯವಾಗಿ ರೋಗಿ ಎದ್ದು ಆಚೆ ಹೋದ ಮೇಲೆ ಹೆಂಡತಿ ಬಾಗಿಲ ಹತ್ತಿರ ಅರೆಕ್ಷಣ ನಿಂತು ಹೇಳುವ ಮಾತು ಇದು. ಗಂಡಸರು ನನ್ನೆದುರು ಕೂತು "ಪರವಾಗಿಲ್ಲ ಡಾಕ್ಟ್ರೇ" ಅಂದುಬಿಟ್ಟಿರುತ್ತಾರೆ.

ನಿಮ್ಮ ಪತ್ರದಲ್ಲಿ ಮೂರು ಭಯ ಒಟ್ಟಿಗೆ ಸೇರಿಕೊಂಡಿವೆ. ಕ್ಯಾನ್ಸರ್ ವಾಪಸ್ ಬಂತಾ, ಯಾರಾದರೂ ತಪ್ಪು ಮಾಡಿದರಾ, ಇನ್ನು ಜೀವನಪೂರ್ತಿ ಹೀಗೇನಾ. ನೀವು ಬರೆದ ಲಕ್ಷಣ ನೋಡಿದರೆ ಮೊದಲ ಎರಡಕ್ಕೂ ಬಹುಮಟ್ಟಿಗೆ 'ಇಲ್ಲ' ಅನ್ನಬಹುದು. ಒಂದೆರಡು ಪರೀಕ್ಷೆ ಮಾಡಿಸಿ ಖಾತ್ರಿ ಮಾಡಿಕೊಳ್ಳಬೇಕು, ಅದನ್ನು ಮುಂದೆ ಹೇಳುತ್ತೇನೆ. ಮೂರನೆಯದಕ್ಕೆ ಉತ್ತರ ಸ್ವಲ್ಪ ಉದ್ದ. ಈಗ ಇರುವಷ್ಟು ಕಷ್ಟ ಹೆಚ್ಚಿನವರಲ್ಲಿ ಉಳಿಯುವುದಿಲ್ಲ. ಆದರೆ ಬೆಳಗ್ಗೆ ಒಂದು ಸಲ ಹೋಗಿ ಬಂದು ನಾಳೆವರೆಗೆ ಆ ವಿಷಯವನ್ನೇ ಮರೆತುಬಿಡುತ್ತಿದ್ದರಲ್ಲ, ಆ ಕಾಲ ಪೂರ್ತಿ ಹಾಗೇ ವಾಪಸ್ ಬರುವುದು ಕಷ್ಟ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು ಅಂತ ನಾನು ತಡವಾಗಿ ಕಲಿತೆ.

ಮೇಷ್ಟ್ರಿಗೆ ಆಗಿರುವುದಕ್ಕೆ ಒಂದು ಹೆಸರಿದೆ. ಲೋ ಆಂಟೀರಿಯರ್ ರಿಸೆಕ್ಷನ್ ಸಿಂಡ್ರೋಮ್ ಅನ್ನುತ್ತಾರೆ, ನಾವು ಡಾಕ್ಟರುಗಳು ಚಿಕ್ಕದಾಗಿ 'ಲಾರ್ಸ್' ಅನ್ನುತ್ತೇವೆ. ಗುದನಾಳದ ಕೆಳಭಾಗದವರೆಗೂ ಆಪರೇಷನ್ ಮಾಡಿ ಮತ್ತೆ ಜೋಡಿಸಿದವರಲ್ಲಿ ಹತ್ತಕ್ಕೆ ಸುಮಾರು ನಾಲ್ಕು ಜನರಿಗೆ ಇದು ಜೋರಾಗಿಯೇ ಇರುತ್ತದೆ. ಅಂದರೆ ನಿಮ್ಮ ಯಜಮಾನರು ಒಬ್ಬರೇ ಅಲ್ಲ. ಅವರ ಜೊತೆ ವಾರ್ಡಿನಲ್ಲಿ ಇದೇ ಆಪರೇಷನ್ ಮಾಡಿಸಿಕೊಂಡು ಮಲಗಿದ್ದವರಲ್ಲೂ ಕೆಲವರು ಈಗ ಹೀಗೇ ಬಾತ್‌ರೂಮಿನ ಪಕ್ಕದಲ್ಲಿ ಕೂತಿರುತ್ತಾರೆ, ಯಾರಿಗೂ ಹೇಳಿರುವುದಿಲ್ಲ ಅಷ್ಟೇ.

2012ರಲ್ಲಿ ಡೆನ್ಮಾರ್ಕಿನ ಸರ್ಜನ್‌ಗಳು ಇದನ್ನು ಅಳೆಯಲು ಐದು ಪ್ರಶ್ನೆಗಳ ಒಂದು ಚಿಕ್ಕ ಪಟ್ಟಿ ಮಾಡಿದರು. ಒಟ್ಟು 42 ಅಂಕ. 20ರವರೆಗೆ ಇದ್ದರೆ ತೊಂದರೆ ಇಲ್ಲ, 30 ದಾಟಿದರೆ ಜೋರಾಗಿದೆ ಅಂತ ಲೆಕ್ಕ. ನಿಮ್ಮ ಪತ್ರ ಇಟ್ಟುಕೊಂಡು ಕೂಡಿಸಿ ನೋಡಿದೆ. ಗ್ಯಾಸ್ ಹಿಡಿತಕ್ಕೆ ಸಿಗದೇ ಇರುವುದಕ್ಕೆ 7, ನೀರಾಗಿ ಸೋರುವುದಕ್ಕೆ 3, ದಿನಕ್ಕೆ ಏಳು ಸಲಕ್ಕಿಂತ ಜಾಸ್ತಿ ಹೋಗುವುದಕ್ಕೆ 4, ಒಂದು ಸಲ ಹೋಗಿ ಬಂದು ಗಂಟೆಯೊಳಗೆ ಮತ್ತೆ ಹೋಗುವುದಕ್ಕೆ 11, ಬಂದ ತಕ್ಷಣ ಓಡಲೇಬೇಕು ಅನ್ನುವ ಅವಸರಕ್ಕೆ 16. ಒಟ್ಟು 41. ಒಂದು ವಿಚಿತ್ರ ಗಮನಿಸಿ. ನಾವು ಡಾಕ್ಟರುಗಳು ಯಾವಾಗಲೂ ಕೇಳುವುದು "ದಿನಕ್ಕೆ ಎಷ್ಟು ಸಲ?" ಅಂತ. ಅದಕ್ಕೆ ಇಲ್ಲಿ ಸಿಗುವುದು ಬರೀ 4. ಬದುಕನ್ನು ಎಷ್ಟು ಹಾಳು ಮಾಡುತ್ತದೆ ಅಂತ ರೋಗಿಗಳನ್ನೇ ಕೇಳಿ ಅಂಕ ಕೊಟ್ಟಿರುವುದರಿಂದ 16 ಅಂಕ ಹೋಗಿರುವುದು ಅವಸರಕ್ಕೆ. ದಿನಕ್ಕೆ ಆರು ಸಲ ಹೋದರೂ ಹತ್ತು ನಿಮಿಷ ತಡೆದುಕೊಳ್ಳಬಲ್ಲವನು ಮದುವೆಗೆ ಹೋಗುತ್ತಾನೆ. ಮೂರೇ ಸಲ ಹೋಗುವವನು ತಡೆಯಲಾರದಿದ್ದರೆ ಮನೆಯಲ್ಲೇ ಕೂರುತ್ತಾನೆ. ಹಾಗಾಗಿ ನಮ್ಮ ಗುರಿ 14ನ್ನು 2 ಮಾಡುವುದಲ್ಲ. ಆ ಒಂದು ನಿಮಿಷವನ್ನು ಹತ್ತು ನಿಮಿಷ ಮಾಡುವುದು.

'ಸರಿ ಹೋಗುತ್ತೆ' ಅಂದು ಕಳಿಸಿದ ಡಾಕ್ಟರ ಬಗ್ಗೆ ಬೇಜಾರು ಮಾಡಿಕೊಳ್ಳಬೇಡಿ ಅಂತ ಹೇಳುವ ಹಕ್ಕು ನನಗಿಲ್ಲ, ಯಾಕಂದರೆ ನಾನೂ ಎಷ್ಟೋ ವರ್ಷ ಅದೇ ಮಾತು ಹೇಳಿದ್ದೇನೆ. ಸ್ಕ್ಯಾನ್ ಕ್ಲೀನ್ ಇದೆ, ಗಾಯ ಒಣಗಿದೆ, ಮುಂದಿನ ರೋಗಿ ಕಾಯುತ್ತಿದ್ದಾರೆ, ಸರಿ ಹೋಗುತ್ತೆ ಬಿಡಿ. ಮನೆಮನೆಗೆ ಹೋಗಿ ಬಟ್ಟೆ ವ್ಯಾಪಾರ ಮಾಡುತ್ತಿದ್ದ ಒಬ್ಬ ಹೆಂಗಸು ಎರಡು ವರ್ಷ ನನ್ನ ಹತ್ತಿರ ಚೆಕಪ್‌ಗೆ ಬರುತ್ತಿದ್ದರು, ಪ್ರತಿ ಸಲ ನಗುತ್ತಲೇ ಹೋಗುತ್ತಿದ್ದರು. ವ್ಯಾಪಾರ ಬಿಟ್ಟು ಒಂದೂವರೆ ವರ್ಷ ಆಗಿದೆ ಅಂತ ಅವರ ಮಗಳಿಂದ ಗೊತ್ತಾಯಿತು. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಈಗ ಒಳಗೆ ಏನಾಗಿದೆ ನೋಡೋಣ. ಗುದನಾಳ ಅಂದರೆ ಕರುಳಿನ ಕೊನೆಯ 12ರಿಂದ 15 ಸೆಂಟಿಮೀಟರ್, ಅರ್ಧ ಗೇಣಿಗಿಂತ ಸ್ವಲ್ಪ ಜಾಸ್ತಿ. ಅದರ ಕೆಲಸ ಶೇಖರಣೆ. ಮೇಲಿಂದ ಬಂದದ್ದನ್ನು ಹಿಗ್ಗಿ ಹಿಡಿದಿಟ್ಟುಕೊಂಡು, ಅನುಕೂಲ ಆದಾಗ ಒಟ್ಟಿಗೆ ಬಿಡುವುದು. ಮನೆ ಮೇಲಿನ ಓವರ್‌ಹೆಡ್ ಟ್ಯಾಂಕ್ ಇದ್ದ ಹಾಗೆ. ಕ್ಯಾನ್ಸರ್ ಇದ್ದದ್ದು ಆ ಟ್ಯಾಂಕಿನಲ್ಲೇ, ಹಾಗಾಗಿ ಟ್ಯಾಂಕ್ ತೆಗೆದು ಪೈಪನ್ನು ನೇರ ನಲ್ಲಿಗೆ ಜೋಡಿಸಿದ್ದಾರೆ. ಕೆಳಗೆ ಎಳೆದು ಜೋಡಿಸಿದ ದೊಡ್ಡ ಕರುಳಿಗೆ ಹಿಡಿದಿಡುವ ಅಭ್ಯಾಸ ಇಲ್ಲ, ಅದಕ್ಕೆ ಗೊತ್ತಿರುವುದು ಹಿಂಡಿ ಮುಂದಕ್ಕೆ ತಳ್ಳುವುದು ಮಾತ್ರ. ಹಾಗಾಗಿ ಸ್ವಲ್ಪ ಬಂದರೂ ತಳ್ಳುತ್ತದೆ, ಇನ್ನು ಸ್ವಲ್ಪ ಬಂದರೆ ಮತ್ತೆ ತಳ್ಳುತ್ತದೆ. ಪಂಚೆ ಸರಿ ಮಾಡಿಕೊಳ್ಳುವಷ್ಟರಲ್ಲಿ ಮತ್ತೆ ಅಂದಿರಲ್ಲ, ಅದು ಇದೇ.

ಗ್ಯಾಸ್ ಯಾವುದು ಮೋಷನ್ ಯಾವುದು ಗೊತ್ತಾಗದಿರುವುದಕ್ಕೂ ಕಾರಣ ಇದೆ. ನಮಗೆಲ್ಲ ದಿನದಲ್ಲಿ ಎಷ್ಟೋ ಸಲ ಒಳಗಿನ ಬಿಗಿ ಸ್ನಾಯು ಕೆಲವು ಸೆಕೆಂಡ್ ಸಡಿಲವಾಗಿ, ಬಂದದ್ದನ್ನು ಗುದದ್ವಾರದ ಸೂಕ್ಷ್ಮ ಚರ್ಮಕ್ಕೆ ಮುಟ್ಟಿಸಿ ನೋಡುತ್ತದೆ. ಬಾಗಿಲ ಚೈನ್ ಹಾಕಿಕೊಂಡೇ ಯಾರು ಬಂದರು ಅಂತ ಇಣುಕಿದ ಹಾಗೆ. ನಮಗೆ ಅರಿವೇ ಇರುವುದಿಲ್ಲ. ಆಪರೇಷನ್ ಮತ್ತು ಕರೆಂಟ್ ಎರಡೂ ಆದ ಮೇಲೆ ಆ ಇಣುಕುವ ವ್ಯವಸ್ಥೆ ಮಂಕಾಗುತ್ತದೆ. ಕರೆಂಟ್ ಕೊಟ್ಟ ಜಾಗದ ನರ, ಸ್ನಾಯು ಸ್ವಲ್ಪ ಗಡುಸಾಗುತ್ತವೆ. ಅದು ಬೇಡದ ಚಿಕಿತ್ಸೆ ಆಗಿತ್ತು ಅಂತ ಅರ್ಥ ಅಲ್ಲ, ಆ ಜಾಗದಲ್ಲಿ ಕ್ಯಾನ್ಸರ್ ಮರುಕಳಿಸದ ಹಾಗೆ ತಡೆಯುವುದೇ ಅದರ ಉದ್ದೇಶ. ಅದಕ್ಕೆ ಕೊಟ್ಟ ಬೆಲೆ ಇದು.

ಒಂದು ಹಳೆಯ ಕತೆ ಹೇಳಿಬಿಡುತ್ತೇನೆ. 1908ರಲ್ಲಿ ಲಂಡನ್ನಿನ ಅರ್ನೆಸ್ಟ್ ಮೈಲ್ಸ್ ಅನ್ನುವ ಸರ್ಜನ್ ಈ ಕ್ಯಾನ್ಸರ್‌ಗೆ ಮಾಡಿದ ಆಪರೇಷನ್‌ನಲ್ಲಿ ಗುದದ್ವಾರವನ್ನೂ ಸೇರಿಸಿ ತೆಗೆದು, ಜೀವನಪೂರ್ತಿ ಹೊಟ್ಟೆಯ ಮೇಲೇ ದಾರಿ ಮಾಡುತ್ತಿದ್ದರು. ಬಹಳ ಕಾಲ ಅದೇ ನಡೆಯಿತು. 1982ರಲ್ಲಿ ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್ ಊರಿನ ಬಿಲ್ ಹೀಲ್ಡ್, ಗುದನಾಳವನ್ನು ಅದರ ಸುತ್ತಲಿನ ಕೊಬ್ಬಿನ ಪದರದ ಸಮೇತ ಹರಿಯದ ಹಾಗೆ ಬಿಡಿಸಿ ತೆಗೆದರೆ ಅದೇ ಜಾಗದಲ್ಲಿ ಕ್ಯಾನ್ಸರ್ ಮತ್ತೆ ಬರುವುದು ತುಂಬಾ ಕಮ್ಮಿ ಆಗುತ್ತದೆ ಅಂತ ತೋರಿಸಿದರು. ಜೊತೆಗೆ ಕರುಳು ಜೋಡಿಸುವ ಸ್ಟೇಪ್ಲರ್ ಬಂತು, ತುಂಬಾ ಕೆಳಗೂ ಜೋಡಿಸುವುದು ಸಾಧ್ಯವಾಯಿತು. ಅಂದರೆ ಹಿಂದೆ ಖಾಯಂ ಬ್ಯಾಗ್ ಆಗಬೇಕಿದ್ದವರಲ್ಲಿ ಬಹಳ ಜನರಿಗೆ ಈಗ ಜೋಡಿಸುತ್ತಿದ್ದೇವೆ, ಮತ್ತು ಈ ತೊಂದರೆ ಬರುತ್ತಿರುವುದೂ ಅವರಿಗೇ. ನಿಮ್ಮ ಮೈದುನನಿಗೆ ಹೇಳಿ, ಹೊಲಿಗೆ ಸರಿಯಾಗಿದ್ದವರಿಗೂ ಹೀಗಾಗುತ್ತದೆ.

ನಂಜಿನ ಮಾತಿಗೆ ಬರೋಣ. ಬದನೆಕಾಯಿ, ಮೊಟ್ಟೆ, ಮೀನು, ಮೊಸರು ಎಲ್ಲವನ್ನೂ ನಂಜು ಅಂತ ನಿಲ್ಲಿಸಿ, ಮೂರು ತಿಂಗಳು ಬರೀ ಗಂಜಿ, ಬ್ರೆಡ್, ಮೆಣಸಿನ ಸಾರಲ್ಲಿ ಇಡುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಗಾಯ ಮಾಯುವುದು ಪ್ರೋಟೀನಿನಿಂದ. ಆಪರೇಷನ್‌ನಿಂದ ಚೇತರಿಸಿಕೊಳ್ಳುತ್ತಿರುವವರಿಗೆ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 1.2ರಿಂದ 1.5 ಗ್ರಾಂ ಬೇಕು. ಮೇಷ್ಟ್ರು ಈಗ 56 ಕೆ.ಜಿ. ಇದ್ದಾರೆ ಅಂತಿಟ್ಟುಕೊಳ್ಳಿ, 67ರಿಂದ 84 ಗ್ರಾಂ ಆಗುತ್ತದೆ. ಒಂದು ಮೊಟ್ಟೆಯಲ್ಲಿ ಇರುವುದು 6 ಗ್ರಾಂ. ಸಂಜೆ ಒಂದು ಹೊತ್ತು ಅನ್ನ ಸಾರು ತಿಂದರೆ ಇದರ ಹತ್ತಿರಕ್ಕೂ ಬರುವುದಿಲ್ಲ. ಅತ್ತೆಯವರ ಕಾಳಜಿ ನಿಜ, ಅದಕ್ಕೆ ಅಡ್ಡ ಮಾತಾಡಬೇಡಿ. ಡಾಕ್ಟ್ರು ಬರೆದುಕೊಟ್ಟಿದ್ದಾರೆ ಅನ್ನಿ.

ಊಟ ಬಿಡುವುದು ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ತಂದ ವಿಷಯ. ತಿನ್ನದಿದ್ದರೆ ಮೋಷನ್ ಬರಲ್ಲ ಅನ್ನುವುದು ಮೇಲ್ನೋಟಕ್ಕೆ ಸರಿ ಅನಿಸುತ್ತೆ, ಅಲ್ವಾ? ಆದರೆ ಖಾಲಿ ಕರುಳಲ್ಲೂ ಪಿತ್ತರಸ, ಲೋಳೆ ಇಳಿಯುತ್ತಲೇ ಇರುತ್ತದೆ, ಅದು ನೀರುನೀರಾಗಿ ಬಂದು ಚರ್ಮ ಉರಿಸುತ್ತದೆ. ಇಡೀ ದಿನ ಖಾಲಿ ಬಿಟ್ಟು ಸಂಜೆ ಒಮ್ಮೆಲೇ ಹೊಟ್ಟೆ ತುಂಬಿಸಿದರೆ, ಹೊಟ್ಟೆಗೆ ಊಟ ಬಿದ್ದ ಕೂಡಲೇ ದೊಡ್ಡ ಕರುಳು ಹಿಂಡುವ ಸಹಜ ಗುಣ ಇದೆಯಲ್ಲ, ಅದು ಜೋರಾಗಿ ಎದ್ದು ರಾತ್ರಿ ಪೂರ್ತಿ ಕೆಲಸ ಮಾಡುತ್ತದೆ. ರಾತ್ರಿ ಬಟ್ಟೆಯಲ್ಲಿ ಆಗುವುದಕ್ಕೆ ಅರ್ಧ ಕಾರಣ ಆ ಸಂಜೆ ಊಟವೇ ಇರಬಹುದು. ಇದನ್ನು ತಿರುಗಿಸಿ. ಬೆಳಗ್ಗೆ, ಮಧ್ಯಾಹ್ನ ಸ್ವಲ್ಪ ಜಾಸ್ತಿ, ನಡುವೆ ಒಂದೆರಡು ಸಲ ಸ್ವಲ್ಪ, ರಾತ್ರಿ ಏಳಕ್ಕೆ ಹಗುರವಾಗಿ ಮುಗಿಸಿ. ಮೊದಲ ವಾರ ಹೆದರಿಕೆ ಆಗುತ್ತದೆ. ಮನೆಯಲ್ಲೇ ಇರುವಾಗ, ಅಂದರೆ ಈ ರಜೆಯಲ್ಲೇ ಮಾಡಿ ನೋಡಿ.

ಏನು ತಿನ್ನಬೇಕು? ಅನ್ನ, ಸಬ್ಬಕ್ಕಿ, ಆಲೂಗಡ್ಡೆ, ಚೆನ್ನಾಗಿ ಹಣ್ಣಾದ ಏಲಕ್ಕಿ ಬಾಳೆ, ಗಟ್ಟಿ ಮೊಸರು, ಬೇಯಿಸಿದ ಮೊಟ್ಟೆ, ಹೆಸರುಬೇಳೆ, ಮೀನು ಇವು ಸಾಮಾನ್ಯವಾಗಿ ಒಗ್ಗುತ್ತವೆ. ಖಾರ ಕಮ್ಮಿ ಮಾಡಿ, ಹಸಿಮೆಣಸಿನಕಾಯಿ ಒಳಗೂ ಓಡಿಸುತ್ತೆ, ಹೊರಗೂ ಉರಿಸುತ್ತೆ. ಖಾಲಿ ಹೊಟ್ಟೆಗೆ ಸ್ಟ್ರಾಂಗ್ ಕಾಫಿ ಬೇಡ. ಹಾಸನದವರಿಗೆ ಇದು ಕಷ್ಟ ಅಂತ ಗೊತ್ತು, ತಿಂಡಿ ಆದ ಮೇಲೆ ಸಣ್ಣ ಲೋಟದಲ್ಲಿ ಕುಡಿಯಲಿ. ಹಾಲು ಕೆಲವರಿಗೆ ಆಪರೇಷನ್ ಆದ ಮೇಲೆ ಒಗ್ಗುವುದಿಲ್ಲ, ಅವರಿಗೆ ಮಜ್ಜಿಗೆ ಸರಿ. ಮುದ್ದೆಯನ್ನು ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ, ಹೇಳಿದರೂ ನಮ್ಮ ಕಡೆಯವರು ಕೇಳುವುದಿಲ್ಲ. ಅರ್ಧ ಮುದ್ದೆ, ತಿಳಿಯಾದ ಸಾರಿನ ಜೊತೆ, ಮಧ್ಯಾಹ್ನ ತಿಂದು ನೋಡಲಿ. ಹುರುಳಿ ಬಸ್ಸಾರು, ಅವರೆಕಾಳು, ಹಲಸಿನ ತೊಳೆ ಸ್ವಲ್ಪ ದಿನ ಕಾಯಲಿ. ಒಂದು ಹೊಸ ಪದಾರ್ಥ ಶುರು ಮಾಡಿದರೆ ಮೂರು ದಿನ ನೋಡಿ, ಆಮೇಲೆ ಇನ್ನೊಂದು. ಒಂದು ನೋಟ್‌ಬುಕ್‌ನಲ್ಲಿ ತಿಂದದ್ದು, ಹೋದದ್ದು, ಟೈಮ್ ಹಾಕಿ ಎರಡು ವಾರ ಬರೆಯಲಿ. ಈ ನೋಟ್‌ಬುಕ್ ಮುಂದೆ ಸ್ಕೂಲಿನ ವಿಷಯಕ್ಕೂ ಬೇಕಾಗುತ್ತದೆ.

ಔಷಧಿ ಶುರು ಮಾಡುವ ಮೊದಲು ಸರ್ಜನ್ ಹತ್ತಿರ ಹೋಗಿ ಬೆರಳು ಹಾಕಿ ಪರೀಕ್ಷೆ ಮಾಡಿಸಿ. ಮುಜುಗರದ ಪರೀಕ್ಷೆ, ಎರಡು ನಿಮಿಷದ್ದು. ಜೋಡಿಸಿದ ಜಾಗ ಕಿರಿದಾಗಿದ್ದರೆ ಒಳಗೆ ಕಟ್ಟಿಕೊಂಡು ಪಕ್ಕದಿಂದ ನೀರಾಗಿ ಸೋರುತ್ತಿರುತ್ತದೆ. ಅಂಥವರಿಗೆ ಮೋಷನ್ ಕಟ್ಟುವ ಮಾತ್ರೆ ಕೊಟ್ಟರೆ ಇನ್ನೂ ಕೆಡುತ್ತದೆ. ಕಿರಿದಾಗಿದ್ದರೆ ಅದನ್ನು ಹಿಗ್ಗಿಸಬಹುದು. ಹಾಗೇ ಕ್ಯಾನ್ಸರ್ ವಾಪಸ್ ಬಂದರೆ ಸುಳಿವು ಕೊಡುವ ಸಿಇಎ ಅನ್ನುವ ರಕ್ತ ಪರೀಕ್ಷೆ ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ಹೇಗೂ ಆಗಬೇಕು, ಆಪರೇಷನ್ ಆಗಿ ಒಂದು ವರ್ಷದ ಹೊತ್ತಿಗೆ ಕೊಲೊನೊಸ್ಕೋಪಿ, ಅಂದರೆ ಕ್ಯಾಮೆರಾ ನಳಿಕೆ ಇಟ್ಟು ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ ಆಗಬೇಕು, ಅದು ನಿಮಗೆ ಬರುವ ಜುಲೈಗೆ ಬೀಳುತ್ತದೆ. ವಾಪಸ್ ಬಂದಿದೆಯಾ ಅನ್ನುವ ಪ್ರಶ್ನೆಗೆ ಉತ್ತರ ಅಲ್ಲಿ ಸಿಗುತ್ತದೆ, ಅಕ್ಕಪಕ್ಕದವರ ಹತ್ತಿರ ಅಲ್ಲ. ಅಷ್ಟರೊಳಗೆ ಹೊಸದಾಗಿ ರಕ್ತ ಬಿದ್ದರೆ, ನೋವು ದಿನೇದಿನೇ ಜಾಸ್ತಿ ಆದರೆ, ಸರಿಯಾಗಿ ತಿಂದರೂ ತೂಕ ಇಳಿಯುತ್ತಲೇ ಇದ್ದರೆ, ಜ್ವರ ಬಂದರೆ ಕಾಯದೆ ಡಾಕ್ಟರಿಗೆ ತೋರಿಸಿ. ಹೊಟ್ಟೆ ಉಬ್ಬಿ ವಾಂತಿ ಆಗಿ ಗ್ಯಾಸೂ ಹೋಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಮತ್ತೆ, ಮೇಷ್ಟ್ರಿಗೆ ಶುಗರ್ ಇದೆಯಾ? ನೀವು ಬರೆದಿಲ್ಲ. ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಅದೂ ಮೋಷನ್ ಸಡಿಲ ಮಾಡುತ್ತದೆ, ಬೇರೆ ಮಾತ್ರೆ ಇದೆಯಾ ಅಂತ ಕೇಳಿ.

ಪರೀಕ್ಷೆಯಲ್ಲಿ ದಾರಿ ಸರಿಯಾಗಿದೆ ಅಂತ ಆದರೆ ಶುರು ಮಾಡುವುದು ಇಸಬ್ಗೋಲ್. ಅದು ಮಲಬದ್ಧತೆಗೆ ಕೊಡೋದಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಇಸಬ್ಗೋಲ್ ನೀರು ಹೀರಿ ಉಬ್ಬುತ್ತದೆ. ಮಲ ಗಟ್ಟಿ ಇದ್ದರೆ ಮೆದು ಮಾಡುತ್ತೆ, ನೀರಾಗಿದ್ದರೆ ಕೂಡಿಸಿ ಹದಕ್ಕೆ ತರುತ್ತೆ. ಒಂದು ಟೀ ಚಮಚ, ಒಂದು ಲೋಟ ನೀರಿನ ಬದಲು ಅರ್ಧ ಲೋಟದಲ್ಲಿ ಕಲಸಿ, ಊಟದ ಜೊತೆ. ಒಣ ಪುಡಿ ಹಾಗೇ ನುಂಗಬಾರದು, ಗಂಟಲಲ್ಲಿ ಉಬ್ಬಿ ಸಿಕ್ಕಿಕೊಳ್ಳುತ್ತದೆ. ಕೆಲವರಿಗೆ ಹೊಟ್ಟೆ ಉಬ್ಬರ ಜಾಸ್ತಿ ಆಗುತ್ತೆ, ಹಾಗಾದರೆ ನಿಲ್ಲಿಸಿ.

ಎರಡನೆಯದು ಲೋಪರಮೈಡ್ ಮಾತ್ರೆ. ಇದನ್ನು ಎಲ್ಲರೂ ಬೇದಿ ಆದ ಮೇಲೆ ತೆಗೆದುಕೊಳ್ಳುತ್ತಾರೆ, ಇಲ್ಲಿ ಹಾಗೆ ಮಾಡಿದರೆ ಪ್ರಯೋಜನ ಕಮ್ಮಿ. ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಂಡರೆ, ಊಟ ಬಿದ್ದಾಗ ಏಳುವ ಆ ಹಿಂಡುವಿಕೆಯನ್ನು ತಗ್ಗಿಸುತ್ತದೆ. ಬೆಳಗ್ಗೆ ತಿಂಡಿಗೆ ಮೊದಲು 2 ಮಿಲಿಗ್ರಾಮಿನ ಒಂದು ಮಾತ್ರೆ, ಬೇಕಾದರೆ ಮಲಗುವಾಗ ಒಂದು, ಹೀಗೆ ಶುರು ಮಾಡಿ ನಿಧಾನಕ್ಕೆ ಏರಿಸುತ್ತೇವೆ. ಎಷ್ಟು ಅನ್ನುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು. ದಿನಕ್ಕೆ 16 ಮಿಲಿಗ್ರಾಂ ದಾಟುವ ಹಾಗೇ ಇಲ್ಲ, ಅದಕ್ಕಿಂತ ಜಾಸ್ತಿ ಆದರೆ ಹೃದಯದ ಬಡಿತ ಏರುಪೇರಾಗುತ್ತದೆ. ಜ್ವರ ಇದ್ದಾಗ, ರಕ್ತ ಬೀಳುವಾಗ, ಹೊಟ್ಟೆ ಉಬ್ಬಿದಾಗ ತೆಗೆದುಕೊಳ್ಳಬಾರದು. ಇವೆರಡೂ ನಾಟದಿದ್ದರೆ ಪಿತ್ತರಸವನ್ನು ಹಿಡಿಯುವ ಕೊಲೆಸ್ಟೈರಮೈನ್ ಪುಡಿ ಕೆಲವರಿಗೆ ಕೆಲಸ ಮಾಡುತ್ತದೆ.

ಚರ್ಮದ ಬಗ್ಗೆ ನೀವು ಬರೆದಿಲ್ಲ, ಆದರೆ 14 ಸಲ ಅಂದ ಮೇಲೆ ಉರಿ ಇದ್ದೇ ಇರುತ್ತದೆ. ಉಗುರುಬೆಚ್ಚಗಿನ ನೀರು ಸಾಕು. ಡೆಟಾಲ್ ಬೇಡ, ಉಜ್ಜುವುದು ಬೇಡ, ಮೆತ್ತಗಿನ ಹಳೆ ಪಂಚೆ ಬಟ್ಟೆಯಿಂದ ಒತ್ತಿ ಒರೆಸಿ ಝಿಂಕ್ ಆಕ್ಸೈಡ್ ಕ್ರೀಂ ಹಚ್ಚಿ.

ಇನ್ನು ಸ್ನಾಯುವಿನ ವ್ಯಾಯಾಮ. ನಾಲ್ಕು ಜನರ ಮಧ್ಯೆ ಕೂತಾಗ ಹೂಸು ಬಂದರೆ ತಡೆಯುತ್ತೇವಲ್ಲ, ಅದೇ ಬಿಗಿತ. ಹೊಟ್ಟೆ, ತೊಡೆ ಬಿಗಿ ಮಾಡದೆ ಅಲ್ಲಿ ಮಾತ್ರ. ಹತ್ತು ಎಣಿಸುವವರೆಗೆ ಹಿಡಿದು ಬಿಡುವುದು, ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮೊದಮೊದಲು ಮೂರು ಎಣಿಸುವಷ್ಟರಲ್ಲೇ ಜಾರಿಹೋಗುತ್ತದೆ. ಎರಡು ಮೂರು ತಿಂಗಳು ಬಿಡದೆ ಮಾಡಬೇಕು. ಇದರ ಜೊತೆ ಇನ್ನೊಂದು ಅಭ್ಯಾಸ. ಬಂತು ಅಂದಾಗ ಟಾಯ್ಲೆಟ್‌ಗೆ ಹೋಗಿ ಕೂತು, ಬಿಡದೆ ಒಂದು ನಿಮಿಷ ತಡೆಯಲಿ. ಅಲ್ಲೇ ಕೂತಿರುವುದರಿಂದ ಆದರೂ ಭಯ ಇಲ್ಲ. ಒಂದು ವಾರ ಆದ ಮೇಲೆ ಎರಡು ನಿಮಿಷ, ಆಮೇಲೆ ಐದು. ಐದು ನಿಮಿಷ ಬಂತು ಅಂದರೆ ಟಾಯ್ಲೆಟ್ ಬಾಗಿಲ ಹೊರಗೆ ಸ್ಟೂಲ್ ಹಾಕಿಕೊಂಡು ಕೂರಲಿ. ಆಮೇಲೆ ಹಾಲ್‌ನಲ್ಲಿ. ಕೇಳಲು ತಮಾಷೆ ಅನಿಸುತ್ತೆ, ಆದರೆ ಆ ಅವಸರದ 16 ಅಂಕ ನಿಧಾನಕ್ಕೆ ಇಳಿಯುವುದು ಹೀಗೇ. ಬಯೋಫೀಡ್‌ಬ್ಯಾಕ್ ಅಂತ ಯಂತ್ರ ಇಟ್ಟು ಇದನ್ನೇ ಕಲಿಸುವ ಫಿಸಿಯೋಥೆರಪಿಸ್ಟ್‌ಗಳು ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಸಿಗುತ್ತಾರೆ.

ಇಷ್ಟನ್ನೂ ಆರು ತಿಂಗಳು ಸರಿಯಾಗಿ ಮಾಡಿ ಸಾಲದಿದ್ದರೆ ನೀರು ಹಾಯಿಸುವ ವಿಧಾನ ಇದೆ. ಗುದದ್ವಾರದಿಂದ ಒಂದು ನಳಿಕೆ ಇಟ್ಟು, ಉಗುರುಬೆಚ್ಚಗಿನ ಕುಡಿಯುವ ನೀರನ್ನು ನಿಧಾನಕ್ಕೆ ಒಳಗೆ ಬಿಟ್ಟು ದೊಡ್ಡ ಕರುಳಿನ ಕೆಳಭಾಗ ಖಾಲಿ ಮಾಡುವುದು. ಮುಕ್ಕಾಲು ಗಂಟೆ ಹಿಡಿಯುತ್ತದೆ, ಆದರೆ ಒಗ್ಗಿದವರಿಗೆ ಒಂದು ದಿನ, ಕೆಲವರಿಗೆ ಎರಡು ದಿನ ಚಿಂತೆ ಇಲ್ಲ. ನನ್ನ ರೋಗಿಗಳಲ್ಲಿ ಬದುಕು ನಿಜವಾಗಿ ತಿರುಗಿದ್ದು ಜಾಸ್ತಿ ಇದರಿಂದಲೇ. ಅಪಾಯ ಏನಂದರೆ ಕರುಳಿಗೆ ತೂತು ಬೀಳುವುದು. ಬಹಳ ಅಪರೂಪ, ಆದರೆ ಬಿದ್ದರೆ ಜೀವಕ್ಕೇ ಕುತ್ತು. ಹಾಗಾಗಿ ಜೋಡಿಸಿದ ಜಾಗ ಗಟ್ಟಿ ಇದೆ ಅಂತ ಸರ್ಜನ್ ನೋಡಿ ಹೇಳಿದ ಮೇಲೆ, ಬ್ಯಾಗ್ ನೋಡಿಕೊಳ್ಳುವುದನ್ನು ಕಲಿಸುವ ಸ್ಟೋಮಾ ನರ್ಸ್ ಹತ್ತಿರ ಕಲಿತ ಮೇಲೆ ಮಾತ್ರ. ಮನೆಯಲ್ಲಿರುವ ಎನಿಮಾ ಕ್ಯಾನ್ ತೆಗೆದು ಸುಮ್ನೆ ಶುರು ಮಾಡಬೇಡಿ. ಆಯುರ್ವೇದದ ಬಸ್ತಿ (ಎನಿಮಾ) ಚಿಕಿತ್ಸೆ ಮಾಡಿಸೋಣ ಅಂತ ಯಾರಾದರೂ ಹೇಳಿದರೂ ಇದೇ ಮಾತು, ಮೊದಲು ಸರ್ಜನ್ ಒಪ್ಪಬೇಕು. ಇದರ ಮೇಲೆ ಬೆನ್ನಿನ ಕೆಳಗಿನ ನರಕ್ಕೆ ಸಣ್ಣ ಯಂತ್ರ ಜೋಡಿಸುವ ಚಿಕಿತ್ಸೆಯೂ ಇದೆ. ಖರ್ಚು ತುಂಬಾ ಜಾಸ್ತಿ, ಎಲ್ಲರಿಗೂ ಹಿಡಿಯುವುದೂ ಇಲ್ಲ.

ಈಗ ಬ್ಯಾಗ್. ಮೇಷ್ಟ್ರು ಕೇಳಿದ್ದು ತಪ್ಪು ಪ್ರಶ್ನೆ ಅಲ್ಲ. ಎಲ್ಲ ಮಾಡಿಯೂ ಆಗದಿದ್ದವರಿಗೆ ಖಾಯಂ ಬ್ಯಾಗ್ ಹಾಕಿದ ಮೇಲೆ "ಇದನ್ನ ಮೊದಲೇ ಮಾಡಬೇಕಿತ್ತು" ಅಂದವರೂ ಇದ್ದಾರೆ. ಅದನ್ನು ಸೋಲು ಅಂತ ನಾನು ನೋಡುವುದಿಲ್ಲ. ಆದರೆ ಒಂದು ವ್ಯತ್ಯಾಸ ತಿಳಿದಿರಲಿ. ಹೋದ ವರ್ಷ ಬಲಗಡೆ ಹಾಕಿದ್ದು ಸಣ್ಣ ಕರುಳಿನ ಬ್ಯಾಗ್. ಅದರಲ್ಲಿ ನೀರಾಗಿ ಬರುತ್ತದೆ, ಪದೇಪದೇ ಖಾಲಿ ಮಾಡಬೇಕು, ಚರ್ಮ ಸುಡುತ್ತದೆ, ಮೈಯಲ್ಲಿ ನೀರಿನಂಶ ಇಳಿಯುತ್ತದೆ. ಖಾಯಂ ಆಗಿ ಹಾಕುವುದು ಸಾಮಾನ್ಯವಾಗಿ ಎಡಗಡೆ, ದೊಡ್ಡ ಕರುಳಿನದು. ಅಲ್ಲಿ ಮಲ ಹದವಾಗಿ ಬರುತ್ತದೆ, ನೋಡಿಕೊಳ್ಳುವುದು ಸುಲಭ. ತೊಂದರೆ ಅಂದರೆ ಮತ್ತೊಂದು ಆಪರೇಷನ್, ಅದೂ ಕರೆಂಟ್ ಕೊಟ್ಟು ಗಡುಸಾದ ಜಾಗದ ಹತ್ತಿರ. ಬ್ಯಾಗ್ ಸುತ್ತ ಹರ್ನಿಯಾ ಬರುವುದು ತುಂಬಾ ಮಾಮೂಲಿ. ಬ್ಯಾಗಿನ ತಿಂಗಳ ಖರ್ಚು ಜೀವನಪೂರ್ತಿ ಇರುತ್ತದೆ. ಕರುಳು ಒಳಗೆ ಹಾಕಿ ಇನ್ನೂ ಮೂರೂವರೆ ತಿಂಗಳು. ಆರು ತಿಂಗಳು ಕೆಲಸ ಇಲ್ಲದೆ ಮಲಗಿದ್ದ ದೊಡ್ಡ ಕರುಳು ಈಗಷ್ಟೇ ಎದ್ದಿದೆ. ಮೊದಲ ಒಂದು ವರ್ಷದಲ್ಲಿ ಸುಧಾರಣೆ ಜಾಸ್ತಿ, ಆಮೇಲೆ ಎರಡನೇ ವರ್ಷದಲ್ಲೂ ಸ್ವಲ್ಪ ಸ್ವಲ್ಪ ಆಗುತ್ತದೆ. ನಾನಾದರೆ ಒಂದೂವರೆ ಎರಡು ವರ್ಷ ಆಗುವ ಮೊದಲು, ನೀರು ಹಾಯಿಸುವುದನ್ನೂ ಮಾಡಿ ನೋಡುವ ಮೊದಲು ಆ ತೀರ್ಮಾನ ತೆಗೆದುಕೊಳ್ಳುವುದಿಲ್ಲ.

ಜೂನ್‌ಗೆ ಸ್ಕೂಲು? ನೋಟ್‌ಬುಕ್ ನೋಡಿ ಹೇಳಬೇಕು. ಹೆಚ್ಚಿನವರಿಗೆ ಈ ಸಾಲುಸಾಲು ಮೋಷನ್ ಬೆಳಗ್ಗೆ ಎದ್ದು ಎರಡು ಮೂರು ಗಂಟೆಯಲ್ಲಿ ಮುಗಿದು, ಆಮೇಲೆ ಬಿಡುವು ಸಿಗುತ್ತದೆ. ಮೇಷ್ಟ್ರಿಗೂ ಹಾಗೇ ಅಂತ ಕಂಡುಬಂದರೆ ಐದು ಗಂಟೆಗೆ ಎದ್ದು, ಆರಕ್ಕೆ ಏನಾದರೂ ತಿಂದು, ಅದೆಲ್ಲ ಮನೆಯಲ್ಲೇ ಮುಗಿಯಲಿ. ಹೆಡ್‌ಮಾಸ್ಟರ್ ಹತ್ತಿರ ಮಾತಾಡಿ ಮೊದಲ ಪೀರಿಯಡ್ ಬೇಡ ಅಂತ ಕೇಳಿ, ಟಾಯ್ಲೆಟ್ ಹತ್ತಿರದ ಕ್ಲಾಸ್ ರೂಮ್ ಕೇಳಿ. ಕಾಯಿಲೆಯ ವಿವರ ಹೇಳಬೇಕಿಲ್ಲ, "ಕರುಳಿನ ಆಪರೇಷನ್ ಆಗಿದೆ, ಮಧ್ಯೆ ಎದ್ದು ಹೋಗಬೇಕಾಗಬಹುದು" ಅಂದರೆ ಸಾಕು, ಡಾಕ್ಟರ ಸರ್ಟಿಫಿಕೇಟ್ ಜೊತೆಗಿಡಿ. ಸ್ಕೂಲಿಗೆ ಒಯ್ಯುವ ಬ್ಯಾಗಿನಲ್ಲಿ ಒಂದು ಜೊತೆ ಒಳಉಡುಪು, ಪ್ಯಾಂಟು, ಪ್ಲಾಸ್ಟಿಕ್ ಕವರ್ ಇರಲಿ. ದೊಡ್ಡವರ ಡೈಪರ್ ಬದಲು ಹೆಂಗಸರ ತೆಳು ಪ್ಯಾಡ್ ಹಾಕಿಕೊಂಡರೆ ಹೊರಗೆ ಗೊತ್ತಾಗುವುದಿಲ್ಲ. ಎಷ್ಟೋ ಗಂಡಸರು ಹಾಕಿಕೊಳ್ಳುತ್ತಾರೆ, ನನಗೆ ಇದನ್ನು ಹೇಳಿಕೊಟ್ಟದ್ದೂ ಒಬ್ಬ ಲಾರಿ ಡ್ರೈವರ್. ಮೊದಲ ತಿಂಗಳು ಅರ್ಧ ದಿನ ಹೋಗುವ ಹಾಗಿದ್ದರೆ ಇನ್ನೂ ಒಳ್ಳೆಯದು.

ಹಾಲ್‌ನಲ್ಲಿ ಮಲಗುವ ವಿಷಯ. ಹಾಸಿಗೆ ಹಾಳಾಗುತ್ತೆ ಅನ್ನುವ ಭಯ ಒಂದು ಇರಬಹುದು, ಅದಕ್ಕೆ ಹಾಸಿಗೆ ಮೇಲೆ ಹಾಕುವ ರಬ್ಬರ್ ಶೀಟ್, ರಾತ್ರಿಯ ಆ ಒಂದು ಮಾತ್ರೆ, ಏಳು ಗಂಟೆ ಊಟ ಸಹಾಯ ಮಾಡುತ್ತವೆ. ಇನ್ನೊಂದು ಕಾರಣವೂ ಇರಬಹುದು. ಈ ಆಪರೇಷನ್ ನಡೆಯುವ ಜಾಗದ ಪಕ್ಕದಲ್ಲೇ ಗಂಡಸರ ಲೈಂಗಿಕ ಶಕ್ತಿಗೆ ಸಂಬಂಧಿಸಿದ ನರಗಳು ಹಾದುಹೋಗುತ್ತವೆ. ಆಪರೇಷನ್, ಕರೆಂಟ್ ಆದ ಮೇಲೆ ಎಷ್ಟೋ ಜನರಿಗೆ ಅಲ್ಲೂ ತೊಂದರೆ ಆಗುತ್ತದೆ, ಬಾಯಿಬಿಟ್ಟು ಹೇಳುವವರು ಬಹಳ ಕಮ್ಮಿ. ಅದಕ್ಕೂ ಔಷಧಿ ಇದೆ, ಹೃದಯ ಪರೀಕ್ಷೆ ಮಾಡಿಸಿ ಕೊಡುತ್ತಾರೆ, ಯೂರಾಲಜಿಸ್ಟ್ ಹತ್ತಿರ ಕೇಳಬಹುದು. ನೀವಾಗಿ ಆ ಮಾತು ತೆಗೆದು ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಬೇಡಿ. ಹಾಗೂ ಇರುತ್ತದೆ ಅಂತ ನಿಮಗೆ ಗೊತ್ತಿದ್ದರೆ ಸಾಕು.

ನೀವು ಬರೆದದ್ದು ಅವರಿಗೆ ಗೊತ್ತಿಲ್ಲ ಅಂದಿರಿ. ಹೇಳಿಬಿಡಿ, ಈ ಉತ್ತರವನ್ನೂ ಕೊಡಿ. ನಾನು ಕೂಡಿಸಿದ 41 ನಿಮ್ಮ ಪತ್ರದ ಲೆಕ್ಕ, ಅವರ ಲೆಕ್ಕ ಬೇರೆ ಇರಬಹುದು. ಮುಂದಿನ ಚೆಕಪ್‌ನಲ್ಲಿ ಆ ಐದು ಪ್ರಶ್ನೆಯ ಪಟ್ಟಿ ಕೇಳಿ ತೆಗೆದುಕೊಂಡು ಅವರೇ ಮಾರ್ಕ್ಸ್ ಹಾಕಲಿ, ಮೇಷ್ಟ್ರಲ್ವಾ, ಅಭ್ಯಾಸ ಇದೆ. ತಾರೀಖು ಬರೆದು ಎತ್ತಿಡಿ, ದಸರಾ ರಜೆಯಲ್ಲಿ ಮತ್ತೊಮ್ಮೆ ಹಾಕಿ ನೋಡಲಿ. ಈ ಒಂದು ಪೇಪರ್‌ನಲ್ಲಿ ಮಾರ್ಕ್ಸ್ ಕಮ್ಮಿ ಬಂದಷ್ಟೂ ಪಾಸು.